ಮೂಸೆಗೆ ಬಿದ್ದ ಊರು: ಸೇಲಂ ನಾಟಕದಲ್ಲಿ ಯಾರಿಗೆ ಏನು ಬೇಕಿತ್ತು?

ತನಿಖೆಗೆ ಸಿಕ್ಕಿಕೊಂಡ ರಾಜಕಾರಣಿ ಮೈಕಿನ ಮುಂದೆ ನಿಂತು ‘ಇದು ವಿಚ್ ಹಂಟ್’ ಅನ್ನುವುದನ್ನು ಕನ್ನಡದ ಸುದ್ದಿವಾಹಿನಿಗಳಲ್ಲೂ ಆಗಾಗ ಕೇಳುತ್ತೇವೆ. ಮಾಟಗಾತಿಯರ ಬೇಟೆ ಎಂದು ಅದರ ಅರ್ಥ. ಆ ಬೇಟೆ ಹೇಗೆ ಶುರುವಾಗುತ್ತದೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಯಾಕೆ ನಿಲ್ಲುವುದಿಲ್ಲ ಎಂಬುದನ್ನು ಬಿಡಿಬಿಡಿಯಾಗಿ ತೋರಿಸುವ ನಾಟಕವೊಂದಿದೆ. ಅದು ಆರ್ಥರ್ ಮಿಲ್ಲರ್ ಬರೆದ ‘ದಿ ಕ್ರೂಸಿಬಲ್’. 1953ರ ಜನವರಿ 22ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಮೊದಲ ಬಾರಿಗೆ ರಂಗಕ್ಕೆ ಬಂತು. ಕ್ರೂಸಿಬಲ್ ಅಂದರೆ ಅಕ್ಕಸಾಲಿಗರ ಮೂಸೆ. ಲೋಹವನ್ನು ಅದರಲ್ಲಿಟ್ಟು ಕಾಸಿದರೆ ಕಸ ಬೇರೆ, ಚಿನ್ನ ಬೇರೆ ಆಗುತ್ತದೆ.

ಮೊದಲ ಸಲ ಓದುವವರಿಗೆ ಈ ನಾಟಕ ಕಷ್ಟವೆನಿಸುವುದು ಭಾಷೆಯಿಂದಲ್ಲ. ಇಪ್ಪತ್ತರಷ್ಟು ಪಾತ್ರಗಳು, ಎಲ್ಲರ ನಡುವೆ ಹಳೇ ಜಗಳಗಳು, ಯಾರು ನಂಬಿ ಮಾತಾಡುತ್ತಿದ್ದಾರೆ, ಯಾರು ಬೇಕೆಂದೇ ಸುಳ್ಳು ಹೇಳುತ್ತಿದ್ದಾರೆ ಎಂಬುದು ಕಲಸಿಹೋಗಿರುತ್ತದೆ. ಬಿಡಿಸಿಕೊಳ್ಳಲು ಒಂದು ದಾರಿ ಇದೆ. ಪ್ರತಿಯೊಬ್ಬರ ಬಗ್ಗೆಯೂ ಎರಡೇ ಪ್ರಶ್ನೆ ಕೇಳಬೇಕು: ಮಾಟದ ಸುದ್ದಿ ಹುಟ್ಟುವ ಮೊದಲೇ ಈ ವ್ಯಕ್ತಿಗೆ ಏನು ಬೇಕಿತ್ತು? ಏನು ಕಳೆದುಕೊಳ್ಳುವ ಭಯವಿತ್ತು? ಉತ್ತರ ಸಿಕ್ಕರೆ ಆ ಪಾತ್ರದ ಮುಂದಿನ ನಡೆ ಬಹುಪಾಲು ಸ್ಪಷ್ಟವಾಗುತ್ತದೆ.

## ಊರು ಮತ್ತು ನಂಬಿಕೆ

ಕಥೆ ನಡೆಯುವುದು 1692ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಸೇಲಂನಲ್ಲಿ. (ಹೊಸೂರು ದಾಟಿ ಹೋದರೆ ಸಿಗುವ ಸೇಲಂ ಬೇರೆ.) ಇಂಗ್ಲೆಂಡಿನಿಂದ ಬಂದು ನೆಲೆಸಿದ ಈ ಜನ ಪ್ಯೂರಿಟನ್ನರು, ಅಂದರೆ ಆಡಂಬರವಿಲ್ಲದ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರು. ಅವರಿಗೆ ಸೈತಾನ ಕಥೆಯಲ್ಲಿ ಬರುವವನಲ್ಲ. ಕಾಡಂಚಿನಲ್ಲಿ ನಿಜವಾಗಿ ಸುಳಿದಾಡುವವನು. ಹಳ್ಳಿಯ ಚರ್ಚಿಗೂ ನ್ಯಾಯಾಲಯಕ್ಕೂ ನಡುವೆ ಗೋಡೆಯಿಲ್ಲ. ಭಾನುವಾರ ಪ್ರಾರ್ಥನೆಗೆ ಹೋಗದಿದ್ದರೆ ಅದು ಸ್ವಂತ ವಿಷಯವಾಗಿ ಉಳಿಯುವುದಿಲ್ಲ, ಲೆಕ್ಕಕ್ಕೆ ಸೇರುತ್ತದೆ. ಎರಡನೇ ಅಂಕದಲ್ಲಿ ಪಾದ್ರಿಯೊಬ್ಬ ರೈತನ ಮನೆಗೆ ಬಂದು, ‘ನೀನು ಹದಿನೇಳು ತಿಂಗಳಲ್ಲಿ ಇಪ್ಪತ್ತಾರು ಸಲ ಮಾತ್ರ ಬಂದಿದ್ದೀಯ’ ಎಂದು ಎಣಿಸಿ ಹೇಳುತ್ತಾನೆ.

ಇಂಥ ಊರಲ್ಲಿ ಸಿಟ್ಟಿಗೆ ಮರ್ಯಾದೆಯ ದಾರಿಯಿಲ್ಲ. ಪಕ್ಕದವನ ಹೊಲದ ಮೇಲೆ ಕಣ್ಣು, ಹೆತ್ತ ಮಕ್ಕಳು ಉಳಿಯದ ಸಂಕಟ, ಕೈತಪ್ಪಿದ ಗಂಡಸಿನ ಮೇಲಿನ ಆಸೆ, ಇವನ್ನೆಲ್ಲ ಬಾಯಿಬಿಟ್ಟು ಹೇಳುವಂತಿಲ್ಲ. ‘ಅವಳು ಸೈತಾನನ ಜೊತೆಗಿದ್ದಳು’ ಎಂದು ಹೇಳಬಹುದು. ಹಾಗೆ ಹೇಳಿದರೆ ಒಳಗಿನ ಸಿಟ್ಟು ಧರ್ಮಕಾರ್ಯದ ವೇಷದಲ್ಲಿ ಹೊರಬರುತ್ತದೆ.

## ಮೊದಲು ನ್ಯಾಯಾಲಯದ ಲೆಕ್ಕ

ಪಾತ್ರಗಳಿಗೆ ಹೋಗುವ ಮೊದಲು ಆಟದ ನಿಯಮ ತಿಳಿದಿರಬೇಕು. ಮಾಟದ ಆರೋಪ ಹೊತ್ತವರು ತಪ್ಪೊಪ್ಪಿಕೊಂಡರೆ ಜೀವ ಉಳಿಯುತ್ತದೆ. ಇಲ್ಲವೆಂದರೆ ನೇಣು. ಒಪ್ಪಿಕೊಂಡವರು ತಮ್ಮ ಪಶ್ಚಾತ್ತಾಪ ನಿಜವೆಂದು ತೋರಿಸಲು ಜೊತೆಗಿದ್ದ ಬೇರೆಯವರ ಹೆಸರು ಹೇಳಬೇಕು. ಸುಳ್ಳು ಆರೋಪ ಮಾಡಿದವರಿಗೆ ಕವಡೆಕಾಸಿನ ಖರ್ಚೂ ಇಲ್ಲ. ಚೈನ್ ಲಿಂಕ್ ಸ್ಕೀಮ್‌ಗಳು ಓಡುವುದೂ ಹೀಗೆಯೇ: ಸೇರಿದವನು ತಾನು ಉಳಿಯಬೇಕಾದರೆ ಇನ್ನಿಬ್ಬರನ್ನು ತರಬೇಕು.

ನಾಟಕದೊಳಗಿನ ಅಂಕಿಗಳನ್ನೇ ನೋಡಿ. ಮೊದಲ ಅಂಕದಲ್ಲಿ ಪಾದ್ರಿಯ ಮನೆಯ ಗುಲಾಮಳು ಟಿಟುಬಾಳ ಬಾಯಿಂದ ಹೊರಬರುವುದು ಇಬ್ಬರ ಹೆಸರು. ಎಂಟು ದಿನ ಕಳೆದು ಎರಡನೇ ಅಂಕ ತೆರೆದಾಗ ಜೈಲಿನಲ್ಲಿ ಹದಿನಾಲ್ಕು ಮಂದಿ ಇದ್ದಾರೆ ಎಂಬ ಸುದ್ದಿ. ಅದೇ ಸಂಜೆ ಮನೆಗೆಲಸದ ಹುಡುಗಿ ಪಟ್ಟಣದಿಂದ ವಾಪಸು ಬಂದಾಗ ಅದು ಮೂವತ್ತೊಂಬತ್ತು. ಮೂರನೇ ಅಂಕದಲ್ಲಿ ನ್ಯಾಯಾಧೀಶನ ಬಾಯಲ್ಲೇ ಲೆಕ್ಕ ಬರುತ್ತದೆ: ಸುಮಾರು ನಾನೂರು ಮಂದಿ ಸೆರೆಯಲ್ಲಿ, ಎಪ್ಪತ್ತೆರಡು ಜನಕ್ಕೆ ತನ್ನ ಸಹಿಯಿಂದ ಮರಣದಂಡನೆ.

ಸಾಕ್ಷ್ಯದ ಕಥೆ ಇನ್ನೂ ವಿಚಿತ್ರ. ಮಾಟಗಾತಿಯ ದೇಹ ಮನೆಯಲ್ಲಿ ಮಲಗಿರಬಹುದು, ಅವಳ ಆತ್ಮ ಹೊರಗೆ ಹೋಗಿ ಇನ್ನೊಬ್ಬರನ್ನು ಹಿಂಡುತ್ತದೆ, ಆ ರೂಪ ಹಿಂಸೆಗೊಳಗಾದವರ ಕಣ್ಣಿಗೆ ಮಾತ್ರ ಬೀಳುತ್ತದೆ ಎಂಬ ನಂಬಿಕೆ. ಇದನ್ನು ನೆರಳಿನ ಸಾಕ್ಷ್ಯ ಎನ್ನೋಣ. ‘ಆ ರಾತ್ರಿ ನಾನು ಮನೆಯಲ್ಲೇ ಇದ್ದೆ, ನೆರೆಯವರು ನೋಡಿದ್ದಾರೆ’ ಎಂದರೆ ಪ್ರಯೋಜನವಿಲ್ಲ. ಬಂದದ್ದು ನೀನಲ್ಲ, ನಿನ್ನ ನೆರಳು. ಇದು ಕಣ್ಣಿಗೆ ಕಾಣದ ಅಪರಾಧ, ಮಾಡಿದವಳಿಗೂ ಅನುಭವಿಸಿದವಳಿಗೂ ಮಾತ್ರ ಗೊತ್ತು, ಮಾಡಿದವಳು ತನ್ನ ವಿರುದ್ಧ ತಾನೇ ಹೇಳುವುದಿಲ್ಲ, ಆದ್ದರಿಂದ ಅನುಭವಿಸಿದ ಮಕ್ಕಳ ಮಾತೇ ಪ್ರಮಾಣ. ವಕೀಲರಿಗೆ ಇಲ್ಲೇನು ಕೆಲಸ ಎಂದು ನ್ಯಾಯಾಧೀಶ ಕೇಳುತ್ತಾನೆ. ಈ ವಾದದಲ್ಲಿ ಒಂದೊಂದು ಮೆಟ್ಟಿಲೂ ಸರಿಯಾಗಿ ಕೂತಿದೆ. ತಪ್ಪಿರುವುದು ಅಡಿಪಾಯದಲ್ಲಿ.

## ಅಬಿಗೈಲ್: ಕೆಲಸ ಹೋದ ಹುಡುಗಿ

ಅಬಿಗೈಲ್ ವಿಲಿಯಮ್ಸ್ ನಾಟಕದಲ್ಲಿ ಹದಿನೇಳರವಳು. ಪಾದ್ರಿ ಪ್ಯಾರಿಸ್‌ನ ತಂಗಿಯ ಮಗಳೋ ಅಕ್ಕನ ಮಗಳೋ, ಅಂತೂ ಸೋದರಸೊಸೆ. ಅವನ ಹಂಗಿನಲ್ಲಿ ಬೆಳೆದ ತಬ್ಬಲಿ. ಕಣ್ಣೆದುರೇ, ಪಕ್ಕದ ದಿಂಬಿನ ಮೇಲೆಯೇ, ಮೂಲನಿವಾಸಿಗಳ ದಾಳಿಗೆ ಹೆತ್ತವರು ಸತ್ತದ್ದನ್ನು ಕಂಡವಳು. ರೈತ ಜಾನ್ ಪ್ರಾಕ್ಟರ್‌ನ ಮನೆಯಲ್ಲಿ ಕೆಲಸಕ್ಕಿದ್ದಾಗ ಅವನ ಜೊತೆ ಸಂಬಂಧ ಬೆಳೆಯಿತು. ಅವನ ಹೆಂಡತಿ ಎಲಿಜಬೆತ್ ಅದನ್ನು ಅರಿತು ಅವಳನ್ನು ಹೊರಗೆ ಹಾಕಿ ಏಳು ತಿಂಗಳಾಗಿದೆ. ಅಲ್ಲಿಂದೀಚೆಗೆ ಊರಲ್ಲಿ ಯಾರೂ ಅವಳನ್ನು ಕೆಲಸಕ್ಕೆ ಕರೆದಿಲ್ಲ.

ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ‘ಅಬಿಗೈಲ್‌ನ ಉದ್ದೇಶ: ಪ್ರಾಕ್ಟರ್ ಮೇಲಿನ ಮೋಹ, ಎಲಿಜಬೆತ್ ಮೇಲಿನ ಸೇಡು’ ಎಂದು ಬರೆದು ಮುಗಿಸುತ್ತಾರೆ. ಅದು ಅರ್ಧ ಉತ್ತರ. ಸೇಡಿಗಿಂತ ಮೊದಲು ಅಲ್ಲಿರುವುದು ಭಯ. ಹಿಂದಿನ ರಾತ್ರಿ ಹುಡುಗಿಯರು ಕಾಡಿನಲ್ಲಿ ಕುಣಿದಿದ್ದಾರೆ, ಅದನ್ನು ಪಾದ್ರಿಯೇ ಕಂಡಿದ್ದಾನೆ. ಅಬಿಗೈಲ್ ಎಲಿಜಬೆತ್ ಸಾಯಲೆಂದು ರಕ್ತ ಕುಡಿದಿದ್ದಾಳೆ, ಅದು ಪಾದ್ರಿಯ ಮಗಳು ಬೆಟ್ಟಿಗೆ ಗೊತ್ತು. ಬಾಯಿಬಿಟ್ಟರೆ ಚಾಟಿಯೇಟು, ಇನ್ನೂ ಕೆಟ್ಟದ್ದೂ ಆಗಬಹುದು. ಮೊದಲ ಅಂಕದ ಬಹುಭಾಗ ಅವಳು ಮಾಡುವುದು ತಪ್ಪಿಸಿಕೊಳ್ಳುವ ಕೆಲಸವನ್ನೇ: ‘ಬರೀ ಕುಣಿದೆವು’ ಅನ್ನುತ್ತಾಳೆ, ಉಳಿದ ಹುಡುಗಿಯರನ್ನು ಬೆದರಿಸುತ್ತಾಳೆ, ಕಡೆಗೆ ಟಿಟುಬಾಳ ಕಡೆ ಬೆರಳು ತೋರಿಸುತ್ತಾಳೆ.

ತಿರುವು ಬರುವುದು ಅದರ ಮುಂದಿನ ಕ್ಷಣದಲ್ಲಿ. ತಪ್ಪೊಪ್ಪಿಕೊಂಡ ಟಿಟುಬಾಳನ್ನು ಪಾದ್ರಿಗಳು ದೇವರ ಆಯುಧವೆಂಬಂತೆ ಮಾತಾಡಿಸುವುದನ್ನು ಅಬಿಗೈಲ್ ಕಣ್ಣಾರೆ ನೋಡುತ್ತಾಳೆ. ಒಪ್ಪಿಕೊಂಡರೆ ಶಿಕ್ಷೆಯಿಲ್ಲ, ಗೌರವವಿದೆ! ಆಗಲೇ ಅವಳೂ ಎದ್ದು ಹೆಸರು ಹೇಳತೊಡಗುವುದು. ಎಂಟೇ ದಿನಗಳಲ್ಲಿ, ಕೂಲಿಗೂ ಯಾರೂ ಕರೆಯದಿದ್ದ ಹುಡುಗಿ ನ್ಯಾಯಾಲಯಕ್ಕೆ ಬಂದರೆ ಜನ ಇಬ್ಬಾಗವಾಗಿ ದಾರಿ ಬಿಡುತ್ತಾರೆ. ಭಯ, ಅಧಿಕಾರ, ಸೇಡು ಎಂಬ ಅನುಕ್ರಮ ಮುಖ್ಯ. ಎಲಿಜಬೆತ್‌ಳ ಹೆಸರು ಬರುವುದು ಕೊನೆಗೆ, ಕೈಯಲ್ಲಿ ಅಧಿಕಾರ ಗಟ್ಟಿಯಾದ ಮೇಲೆ.

ಅವಳು ತನ್ನ ಸುಳ್ಳನ್ನೇ ನಂಬತೊಡಗಿದ್ದಳೇ? ಕೆಲವು ಮುದ್ರಣಗಳಲ್ಲಿ ಅನುಬಂಧವಾಗಿ ಸಿಗುವ ಒಂದು ದೃಶ್ಯವಿದೆ. ಎರಡನೇ ಅಂಕದ ಎರಡನೇ ದೃಶ್ಯ, ಕಾಡಿನಲ್ಲಿ ಅಬಿಗೈಲ್ ಮತ್ತು ಪ್ರಾಕ್ಟರ್ ಭೇಟಿ. ಅಲ್ಲಿ ಅವಳು ನಿಜಕ್ಕೂ ಮತಿ ಕದಡಿದವಳಂತೆ ಕಾಣುತ್ತಾಳೆ. ನಾಟಕಕಾರ ಈ ದೃಶ್ಯವನ್ನು ಸೇರಿಸಿ ಆಮೇಲೆ ತೆಗೆದ. ತೆಗೆದ ಮೇಲೆ ಉಳಿಯುವ ಅಬಿಗೈಲ್ ಹೆಚ್ಚು ತಣ್ಣಗಿನವಳು, ಹೆಚ್ಚು ಲೆಕ್ಕಾಚಾರದವಳು. ಆಡಿಸುವವರು ಯಾವ ಪಠ್ಯ ಹಿಡಿಯುತ್ತಾರೆ ಎಂಬುದರ ಮೇಲೆ ಪಾತ್ರವೇ ಬದಲಾಗುತ್ತದೆ.

## ಟಿಟುಬಾ: ಚಾಟಿಯ ಕೆಳಗಿನ ಒಪ್ಪಿಗೆ

ಟಿಟುಬಾ ಪ್ಯಾರಿಸ್‌ನ ಮನೆಯ ಗುಲಾಮಳು. ನಾಟಕದಲ್ಲಿ ಬಾರ್ಬಡೋಸ್ ದ್ವೀಪದಿಂದ ಬಂದವಳು. ಅವಳ ಉದ್ದೇಶ ಒಂದೇ, ಬದುಕಿ ಉಳಿಯುವುದು. ಆದರೆ ಆ ದೃಶ್ಯವನ್ನು ನಿಧಾನವಾಗಿ ಓದಬೇಕು. ಸಾಯುವ ತನಕ ಹೊಡೆಯುತ್ತೇನೆ ಎಂದು ಪಾದ್ರಿ ಗದರುತ್ತಾನೆ, ನೇಣು ಹಾಕಿ ಎಂದು ಊರಿನ ಜಮೀನುದಾರ ಪಟ್ನಮ್ ಕೂಗುತ್ತಾನೆ. ಅವಳು ಹೂಂ ಅಂದ ಕೂಡಲೇ ದನಿಗಳು ಮೆತ್ತಗಾಗುತ್ತವೆ. ಸೈತಾನನ ಜೊತೆ ಯಾರಿದ್ದರು ಎಂದು ಕೇಳಿದಾಗ ಅವಳಿಗೆ ಹೆಸರು ತೋಚುವುದಿಲ್ಲ. ಸಾರಾ ಗುಡ್ಡಾ? ಓಸ್ಬರ್ನಾ? ಎಂದು ಎತ್ತಿಕೊಡುವವನು ಪಟ್ನಮ್. ಆ ಎರಡು ಹೆಸರು ಟಿಟುಬಾಳ ಬಾಯಿಗೆ ಬರುವ ಮೊದಲು ಕೇಳುವವರ ಬಾಯಲ್ಲೇ ಇದ್ದವು.

ಇನ್ನೊಂದು ಸೂಕ್ಷ್ಮ. ಸೈತಾನ ಏನೆಂದ ಎಂದು ಕೇಳಿದರೆ, ಪ್ಯಾರಿಸ್ ಒಳ್ಳೆಯವನಲ್ಲ, ಅವನನ್ನು ಕೊಲ್ಲು, ನಿನ್ನನ್ನು ಊರಿಗೆ ಹಾರಿಸಿಕೊಂಡು ಹೋಗುತ್ತೇನೆ ಅಂದ ಎನ್ನುತ್ತಾಳೆ. ಒಡೆಯನ ಮುಖಕ್ಕೇ ಹೇಳಲಾಗದ್ದನ್ನು ಸೈತಾನನ ಬಾಯಿಂದ ಹೇಳಿಸಿದ್ದಾಳೆ. ನಮ್ಮೂರುಗಳಲ್ಲಿ ಮೈಮೇಲೆ ಬಂದವಳು ಅತ್ತೆಯನ್ನೂ ಗಂಡನನ್ನೂ ಹೆಸರು ಹಿಡಿದು ಬೈಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಸಿಕ್ಕಿಬೀಳುವವರು ಯಾರು ಎಂಬುದನ್ನೂ ಗಮನಿಸಿ: ಗುಲಾಮಳು, ಭಿಕ್ಷೆ ಬೇಡುವವಳು, ದಿಕ್ಕಿಲ್ಲದ ಮುದುಕಿ. ಅವರ ಪರವಾಗಿ ಮಾತಾಡಲು ಯಾರೂ ಬರುವುದಿಲ್ಲ. ಅದು ದಕ್ಕಿತು ಎಂದಾದ ಮೇಲೆಯೇ ಬೆರಳು ಮರ್ಯಾದಸ್ಥರ ಕಡೆ ತಿರುಗುವುದು.

## ಪಟ್ನಮ್ ದಂಪತಿ: ಒಂದೇ ಮನೆ, ಎರಡು ಉದ್ದೇಶ

ಥಾಮಸ್ ಪಟ್ನಮ್ ಊರಿನ ದೊಡ್ಡ ಜಮೀನುದಾರ. ಅಪ್ಪನ ಉಯಿಲಿನಲ್ಲಿ ಮಲತಮ್ಮನಿಗೆ ಹೆಚ್ಚು ಹೋಯಿತೆಂಬ ಉರಿ, ತನ್ನ ಹೆಂಡತಿಯ ಕಡೆಯ ನೆಂಟನಿಗೆ ಪಾದ್ರಿಯ ಹುದ್ದೆ ತಪ್ಪಿಸಿದರೆಂಬ ಉರಿ, ನರ್ಸ್ ಎಂಬ ಮನೆತನದ ಜೊತೆ ಗಡಿ ತಕರಾರು. ಮೊದಲ ಅಂಕದಲ್ಲೇ, ಪಾದ್ರಿಯ ಮಗಳು ಬೆಟ್ಟಿ ಹಾಸಿಗೆ ಹಿಡಿದು ಮಲಗಿರುವ ಕೋಣೆಯಲ್ಲಿ ನಿಂತು, ಮರದ ದಿಮ್ಮಿಗಾಗಿ ಪ್ರಾಕ್ಟರ್ ಜೊತೆ ಜಗಳ ತೆಗೆಯುತ್ತಾನೆ. ಈ ಜಗಳವನ್ನು ಕಥೆಗೆ ಸಂಬಂಧವಿಲ್ಲದ್ದೆಂದು ಕೆಲವು ತಂಡಗಳು ಕತ್ತರಿಸುತ್ತವೆ. ಕತ್ತರಿಸಿದರೆ ಮೂರನೇ ಅಂಕದ ಕೀಲೇ ಕಳಚುತ್ತದೆ.

ಯಾಕೆಂದರೆ ಮಾಟದ ಅಪರಾಧ ಸಾಬೀತಾಗಿ ಸತ್ತವನ ಆಸ್ತಿ ಮುಟ್ಟುಗೋಲಾಗಿ ಹರಾಜಿಗೆ ಬರುತ್ತದೆ. ಅಷ್ಟು ದೊಡ್ಡ ಜಮೀನು ಕೊಳ್ಳುವ ಹಣ ಊರಲ್ಲಿ ಪಟ್ನಮ್ ಒಬ್ಬನ ಹತ್ತಿರವೇ ಇದೆ. ನೆರೆಯ ಜಾರ್ಜ್ ಜೇಕಬ್ಸ್‌ನ ಮೇಲೆ ಆರೋಪ ಮಾಡೆಂದು ಮಗಳಿಗೆ ಅವನೇ ಹೇಳಿಕೊಟ್ಟ ಎಂದು ಮುದುಕ ಜೈಲ್ಸ್ ಕೋರಿ ನ್ಯಾಯಾಲಯದಲ್ಲಿ ಹೇಳುತ್ತಾನೆ. ಹತ್ತಿ ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂದರೆ ಇದು. ಆದರೆ ಈ ಮಾತನ್ನು ಕಿವಿಯಾರೆ ಕೇಳಿಸಿಕೊಂಡವನ ಹೆಸರು ಹೇಳಲು ಕೋರಿ ಒಪ್ಪುವುದಿಲ್ಲ, ಹೇಳಿದರೆ ಅವನೂ ಜೈಲಿಗೆ ಹೋಗುತ್ತಾನೆ. ಹಾಗಾಗಿ ನಾಟಕದೊಳಗೆ ಪಟ್ನಮ್‌ನ ದುರಾಸೆ ಎಲ್ಲರಿಗೂ ಗೊತ್ತು, ಯಾರಿಂದಲೂ ಸಾಬೀತಾಗಿಲ್ಲ. (ಮಾಟಗಾತಿ ಎಂಬ ಪಟ್ಟ ಕಟ್ಟಿ ಹಿಂಸಿಸುವುದು ಹಳೇ ಕಾಲದ ಮಾತಾಗಿದ್ದರೆ ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ ಅದರ ವಿರುದ್ಧ ಪ್ರತ್ಯೇಕ ಕಾನೂನು ಮಾಡಬೇಕಿರಲಿಲ್ಲ.)

ಅವನ ಹೆಂಡತಿ ಆನ್‌ಳನ್ನು ಅದೇ ತಕ್ಕಡಿಯಲ್ಲಿ ತೂಗಬಾರದು. ಎಂಟು ಹೆತ್ತು ಏಳನ್ನು ಮಣ್ಣಿಗೆ ಕೊಟ್ಟವಳು. ಉಳಿದ ಒಬ್ಬಳೇ ಮಗಳು ರೂತ್ ಈಗ ಬಾಡುತ್ತಿದ್ದಾಳೆ. ಸತ್ತ ಕೂಸುಗಳನ್ನು ಕೊಂದವರು ಯಾರೆಂದು ಕೇಳಿಸಲು ಮಗಳನ್ನು ಟಿಟುಬಾಳ ಹತ್ತಿರ ಕಳಿಸಿದ್ದೇ ಅವಳು. ಹೆರಿಗೆ ಮಾಡಿಸಿದ್ದ ಓಸ್ಬರ್ನ್ ಮೇಲೆ, ಹನ್ನೊಂದು ಮಕ್ಕಳು ಇಪ್ಪತ್ತಾರು ಮೊಮ್ಮಕ್ಕಳ ತುಂಬುಸಂಸಾರದ ರೆಬೆಕಾ ನರ್ಸ್ ಮೇಲೆ ಅವಳ ಕಣ್ಣು ಹೋಗುತ್ತದೆ. ಅವಳಿಗೆ ಬೇಕಿರುವುದು ಜಮೀನಲ್ಲ, ಕಾರಣ. ದುಃಖಕ್ಕೆ ಒಬ್ಬ ಅಪರಾಧಿ ಸಿಕ್ಕರೆ ದುಃಖ ಹೊರಲು ಸುಲಭ. ಗಂಡನ ಲೆಕ್ಕ ಹೆಂಡತಿಯ ನೋವಿನ ಬೆನ್ನೇರಿ ಹೋಗುತ್ತದೆ.

## ಪಾದ್ರಿ ಪ್ಯಾರಿಸ್: ಕುರ್ಚಿಯ ಭಯ

ಏಳು ವರ್ಷದಲ್ಲಿ ಊರಿಗೆ ಬಂದ ಮೂರನೇ ಪಾದ್ರಿ ಈತ. ತನ್ನನ್ನೂ ಓಡಿಸುತ್ತಾರೆಂಬ ಭಯ ಮೊದಲಿನಿಂದಲೂ ಇದೆ. ಸಂಬಳ ಅರವತ್ತಾರು ಪೌಂಡು. ಅದರಲ್ಲಿ ಆರು ಪೌಂಡು ಸೌದೆಗೆ ಎಂದು ಊರವರು, ಸೌದೆ ಬೇರೆ ಕೊಡಬೇಕೆಂದು ಅವನು. ವಾಸದ ಮನೆಯ ಕಾಗದಪತ್ರ ತನ್ನ ಹೆಸರಿಗೆ ಬೇಕೆಂದು ಕೇಳುತ್ತಾನೆ. ಚರ್ಚಿನಲ್ಲಿ ಚಿನ್ನದ ದೀಪದಕಂಬ ಬರುವ ತನಕ ತಿಂಗಳುಗಟ್ಟಲೆ ಅದರ ಮೇಲೆಯೇ ಉಪದೇಶ ಮಾಡಿದ ಎಂದು ಪ್ರಾಕ್ಟರ್ ದೂರುತ್ತಾನೆ. ಮಾಟದ ಸುದ್ದಿ ತನ್ನ ಮನೆಯಿಂದಲೇ ಎದ್ದಿತೆಂದಾದರೆ ಹುದ್ದೆ ಹೋಯಿತು. ಅದಕ್ಕೇ ಮೊದಲು ಮುಚ್ಚಿಡಲು ನೋಡುತ್ತಾನೆ, ಮುಚ್ಚಲಾಗದು ಎಂದಾದಾಗ ಎಲ್ಲರಿಗಿಂತ ಜೋರಾಗಿ ಕೂಗುತ್ತಾನೆ.

ಇವನ ಬಗ್ಗೆ ಇಷ್ಟು ಸಾಕು. ಕೊನೆಯ ಅಂಕದಲ್ಲಿ ಅಬಿಗೈಲ್ ಅವನ ಪೆಟ್ಟಿಗೆಯಿಂದ ಮೂವತ್ತೊಂದು ಪೌಂಡು ಎತ್ತಿಕೊಂಡು ಪರಾರಿಯಾದಾಗ, ಬಾಗಿಲು ತೆರೆದರೆ ಚೂರಿ ಬಿದ್ದಾಗ, ಇವನೂ ನೇಣು ಮುಂದಕ್ಕೆ ಹಾಕಿ ಎನ್ನುತ್ತಾನೆ. ಅದು ಪಶ್ಚಾತ್ತಾಪವಲ್ಲ, ಅದೇ ಹಳೇ ಭಯ ಈಗ ಇನ್ನೊಂದು ದಿಕ್ಕಿಗೆ ತಿರುಗಿದೆ.

## ಪ್ರಾಕ್ಟರ್ ಮನೆ

ನಾಟಕದ ನಡುಗಂಬ ಇಲ್ಲಿದೆ. ಜಾನ್ ಪ್ರಾಕ್ಟರ್ ಮೂವತ್ತರ ಮಧ್ಯದ ರೈತ, ಯಾರಿಗೂ ತಲೆಬಾಗದವನು, ಕಪಟಿಗಳನ್ನು ಕಂಡರೆ ಆಗದವನು. ತಾನೇ ಕಪಟಿಯೆಂಬ ಅರಿವು ಅವನನ್ನು ಒಳಗೇ ತಿನ್ನುತ್ತಿದೆ. ಕಾಡಿನ ಕುಣಿತಕ್ಕೂ ಮಾಟಕ್ಕೂ ಸಂಬಂಧವಿಲ್ಲ ಎಂದು ಅಬಿಗೈಲ್ ಸ್ವತಃ ಅವನಿಗೆ ಹೇಳಿದ್ದಾಳೆ. ಅಂದರೆ ಇಡೀ ಪ್ರಕರಣವನ್ನು ಮೊದಲ ವಾರವೇ ನಿಲ್ಲಿಸಬಲ್ಲ ಮಾತು ಅವನ ಹತ್ತಿರವಿದೆ. ಯಾಕೆ ಹೇಳುವುದಿಲ್ಲ? ಹೇಳಲು ಹೋದರೆ ಅವಳು ಏಕಾಂತದಲ್ಲಿ ನಿನಗೇಕೆ ಹೇಳಿದಳು ಎಂಬ ಪ್ರಶ್ನೆ ಬರುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಕಾಯುತ್ತಾನೆ. ಆ ಎಂಟು ದಿನದಲ್ಲಿ ಜೈಲು ತುಂಬುತ್ತದೆ.

ಎಲಿಜಬೆತ್ ಕೆಟ್ಟವಳಲ್ಲ, ಮರೆಯದವಳು. ಎರಡನೇ ಅಂಕದ ಆರಂಭದಲ್ಲಿ ಗಂಡ ಹೆಂಡತಿ ಊಟ, ಬಿತ್ತನೆ, ಹವೆ ಎಂದು ಮಾತಾಡುತ್ತಾರೆ, ಒಂದೊಂದು ವಾಕ್ಯದ ಕೆಳಗೂ ಏಳು ತಿಂಗಳ ಹಳೇ ಗಾಯ ಮಿಡಿಯುತ್ತಿರುತ್ತದೆ. ಗಂಡ ನಿಜ ಹೇಳಲಿ ಎಂದು ಒತ್ತಾಯಿಸುವುದರಲ್ಲಿ ನ್ಯಾಯವೂ ಇದೆ, ಅಬಿಗೈಲ್‌ಳನ್ನು ಅವನು ನಿಜಕ್ಕೂ ಬಿಟ್ಟಿದ್ದಾನೆಯೇ ಎಂಬ ಪರೀಕ್ಷೆಯೂ ಇದೆ. ಕಡೆಯ ಅಂಕದಲ್ಲಿ, ಮನೆಯಲ್ಲಿ ತಾನು ತಣ್ಣಗಿದ್ದದ್ದೂ ಕಾರಣ ಎಂದು ಅವಳೇ ಒಪ್ಪಿಕೊಳ್ಳುತ್ತಾಳೆ. ಇಂದಿನ ಓದುಗರಲ್ಲಿ ಹಲವರಿಗೆ ಆ ಮಾತು ಹಿಡಿಸುವುದಿಲ್ಲ. ಗಂಡನ ತಪ್ಪಿಗೆ ಹೆಂಡತಿ ಯಾಕೆ ಹೊಣೆ ಎಂಬ ಆ ಆಕ್ಷೇಪಕ್ಕೆ ಅರ್ಥವಿದೆ.

ಮಾಟ ಪತ್ತೆಮಾಡಲು ಹೊರಗಿನಿಂದ ಬಂದ ಪಾದ್ರಿ ಹೇಲ್ ಮನೆಗೆ ಬಂದು ದೇವರ ಹತ್ತು ಆಜ್ಞೆಗಳನ್ನು ಹೇಳೆಂದಾಗ ಪ್ರಾಕ್ಟರ್ ಒಂಬತ್ತು ಹೇಳಿ ನಿಲ್ಲುತ್ತಾನೆ. ಮರೆತದ್ದು ವ್ಯಭಿಚಾರದ ಆಜ್ಞೆ. ನೆನಪಿಸಿಕೊಡುವವಳು ಎಲಿಜಬೆತ್. ರಂಗದ ಮೇಲೆ ಈ ಕ್ಷಣಕ್ಕೆ ಪ್ರೇಕ್ಷಕರು ನಗುತ್ತಾರೆ. ನಕ್ಕು ಮುಗಿಯುವ ಮೊದಲು ಎಲಿಜಬೆತ್‌ಳನ್ನು ಹಿಡಿದುಕೊಂಡು ಹೋಗಲು ಜನ ಬರುತ್ತಾರೆ, ಕಾರಣ ಒಂದು ಬಟ್ಟೆಯ ಗೊಂಬೆ.

ಗೊಂಬೆಯ ತಂತ್ರ ಹೀಗೆ. ಪ್ರಾಕ್ಟರ್ ಮನೆಯ ಕೆಲಸದ ಹುಡುಗಿ ಮೇರಿ ವಾರೆನ್ ನ್ಯಾಯಾಲಯದಲ್ಲಿ ಕೂತು ಗೊಂಬೆ ಹೊಲಿಯುತ್ತಾಳೆ, ಸೂಜಿಯನ್ನು ಅದರೊಳಗೇ ಚುಚ್ಚಿಡುತ್ತಾಳೆ. ಪಕ್ಕದಲ್ಲಿ ಕೂತ ಅಬಿಗೈಲ್ ನೋಡುತ್ತಾಳೆ. ಮೇರಿ ಆ ಗೊಂಬೆಯನ್ನು ಎಲಿಜಬೆತ್‌ಗೆ ಉಡುಗೊರೆ ಕೊಡುತ್ತಾಳೆ. ಅದೇ ರಾತ್ರಿ ಊಟದ ಹೊತ್ತಿಗೆ ಅಬಿಗೈಲ್ ಚೀರಿ ಬೀಳುತ್ತಾಳೆ, ಹೊಟ್ಟೆಯಲ್ಲಿ ಎರಡು ಇಂಚು ಆಳಕ್ಕೆ ಸೂಜಿ. ಎಲಿಜಬೆತ್‌ಳ ಆತ್ಮ ಬಂದು ಚುಚ್ಚಿತು ಅನ್ನುತ್ತಾಳೆ. ಮನೆ ಹುಡುಕಿದರೆ ಗೊಂಬೆ ಸಿಗುತ್ತದೆ, ಗೊಂಬೆಯಲ್ಲಿ ಸೂಜಿ ಸಿಗುತ್ತದೆ. ಇಷ್ಟು ದಿನ ಕಣ್ಣಿಗೆ ಕಾಣದ ಸಾಕ್ಷ್ಯದ ಮೇಲೆ ನಡೆದ ಆಟಕ್ಕೆ ಮೊದಲ ಬಾರಿ ಕೈಯಲ್ಲಿ ಹಿಡಿಯುವ ವಸ್ತು ಸಿಕ್ಕಿತು.

## ಮೇರಿ ವಾರೆನ್: ಗುಂಪಿನ ಮೈಯೊಳಗೆ

ಸುಳ್ಳುಗಾರ್ತಿಯರಲ್ಲಿ ನಿಜ ಹೇಳಲು ಹೊರಟವಳು ಮೇರಿ ಒಬ್ಬಳೇ. ಆ ನಿಜದ ಮೇಲೆ ನಿಲ್ಲಲಾರದವಳೂ ಅವಳೇ. ಎರಡನೇ ಅಂಕದಲ್ಲಿ ಅವಳು ತಾನೀಗ ನ್ಯಾಯಾಲಯದ ಅಧಿಕಾರಿ ಎಂದು ಒಡೆಯನೆದುರು ಎದೆಯುಬ್ಬಿಸಿ ನಿಲ್ಲುತ್ತಾಳೆ. ಬೈಗುಳ ತಿಂದೇ ಬೆಳೆದ ಹುಡುಗಿಗೆ ಇದು ಜೀವನದ ಮೊದಲ ಗೌರವ.

ಮೂರನೇ ಅಂಕದಲ್ಲಿ ಪ್ರಾಕ್ಟರ್ ಅವಳನ್ನು ಕರೆತಂದು, ಎಲ್ಲ ನಟನೆ ಎಂದು ಹೇಳಿಸುತ್ತಾನೆ. ಹಾಗಾದರೆ ಈಗ ಮೂರ್ಛೆ ಬೀಳು ಎಂದು ನ್ಯಾಯಾಧೀಶರು ಹೇಳುತ್ತಾರೆ. ಅವಳಿಂದ ಆಗುವುದಿಲ್ಲ. ಎಲ್ಲರೂ ಕಿರುಚುತ್ತಿದ್ದರು, ನೀವೆಲ್ಲ ನಂಬಿದಂತೆ ಕಾಣುತ್ತಿತ್ತು, ನನಗೂ ಕಂಡಂತಾಯಿತು ಎಂಬುದು ಅವಳ ವಿವರಣೆ. ಇಡೀ ಪ್ರಕರಣದ ಅತ್ಯಂತ ಪ್ರಾಮಾಣಿಕ ಸಾಕ್ಷ್ಯ ಇದು. ಗುಂಪಿನಲ್ಲಿ ಬರುವುದು ಒಂಟಿಯಾಗಿ ನಿಂತಾಗ ಬರುವುದಿಲ್ಲ. ನ್ಯಾಯಾಲಯಕ್ಕೆ ಅದು ಅವಳ ಸುಳ್ಳಿನ ಗುರುತಾಗಿ ಕಾಣುತ್ತದೆ.

ಆಮೇಲೆ ಅಬಿಗೈಲ್ ಮಾಡಿನ ತೊಲೆಯ ಮೇಲೆ ಹಳದಿ ಹಕ್ಕಿ ಕಂಡಂತೆ ನಟಿಸುತ್ತಾಳೆ, ಮೇರಿ ಏನಂದರೂ ಹುಡುಗಿಯರೆಲ್ಲ ಅದನ್ನೇ ಗಿಳಿಪಾಠ ಒಪ್ಪಿಸುತ್ತಾರೆ. ನ್ಯಾಯಾಧೀಶ ನೇಣಿನ ಮಾತೆತ್ತುತ್ತಾನೆ. ಅತ್ತ ದರಿ, ಇತ್ತ ಪುಲಿ. ಮೇರಿ ಪ್ರಾಕ್ಟರ್‌ನನ್ನೇ ಸೈತಾನನ ಆಳು ಎಂದು ತೋರಿಸಿ ಅಬಿಗೈಲ್‌ಳ ತೋಳಿಗೆ ಓಡುತ್ತಾಳೆ. ನಟಿಗೆ ಇಲ್ಲೊಂದು ಕಷ್ಟವಿದೆ. ಈ ಬದಲಾವಣೆ ಒಂದೇ ಏಟಿಗೆ ಆದರೆ ಹೇಡಿತನ ಅನಿಸುತ್ತದೆ. ಪ್ರಶ್ನೆ, ಮೌನ, ಹಕ್ಕಿ, ಮಾರ್ದನಿ, ಬೆದರಿಕೆ ಎಂಬ ಐದು ಮೆಟ್ಟಿಲನ್ನೂ ಒಂದೊಂದಾಗಿ ಇಳಿಯಬೇಕು.

## ಇಬ್ಬರು ನಂಬಿಗಸ್ಥರು: ಹೇಲ್ ಮತ್ತು ಡ್ಯಾನ್‌ಫೋರ್ತ್

ಪಕ್ಕದ ಊರು ಬೆವರ್ಲಿಯಿಂದ ಬರುವ ಪಾದ್ರಿ ಜಾನ್ ಹೇಲ್ ಕೈತುಂಬ ದಪ್ಪ ಪುಸ್ತಕ ಹೊತ್ತ ತಜ್ಞ. ಅವನಲ್ಲಿ ದ್ವೇಷವಿಲ್ಲ, ಕಲಿತದ್ದನ್ನು ಬಳಸುವ ಹುಮ್ಮಸ್ಸಿದೆ. ಅಪಾಯವೂ ಅಲ್ಲೇ. ರೋಗ ಹುಡುಕಲೆಂದೇ ಬಂದ ವೈದ್ಯನಿಗೆ ರೋಗ ಕಾಣದೆ ಇರುವುದಿಲ್ಲ. ಸಾಕ್ಷ್ಯ ಎದುರು ನಿಂತಾಗ ಅಭಿಪ್ರಾಯ ಬದಲಿಸಿಕೊಳ್ಳುವ ಅಧಿಕಾರಸ್ಥ ಅವನೊಬ್ಬನೇ, ಆದರೆ ಅಷ್ಟರಲ್ಲಿ ಹಲವರ ಮರಣಪತ್ರಕ್ಕೆ ತಾನೇ ಸಹಿ ಹಾಕಿದ್ದಾನೆ. ಮೂರನೇ ಅಂಕದ ಕೊನೆಗೆ ನ್ಯಾಯಾಲಯ ಬಿಟ್ಟು ಹೊರನಡೆಯುತ್ತಾನೆ. ನಾಲ್ಕನೇ ಅಂಕದಲ್ಲಿ ಜೈಲಿಗೆ ಬಂದು, ಸುಳ್ಳಾದರೂ ಒಪ್ಪಿಕೊಂಡು ಜೀವ ಉಳಿಸಿಕೊಳ್ಳಿ ಎಂದು ಕೈದಿಗಳನ್ನು ಬೇಡುತ್ತಾನೆ. ಸತ್ಯ ಸ್ಥಾಪಿಸಲು ಬಂದ ಪಾದ್ರಿ ಸುಳ್ಳು ಹೇಳಿಸಲು ನಿಂತದ್ದು ಅವನ ಪತನವೋ ಬೆಳವಣಿಗೆಯೋ, ತರಗತಿಯಲ್ಲಿ ಒಂದು ಗಂಟೆ ವಾದಿಸಬಹುದು.

ಉಪರಾಜ್ಯಪಾಲನೂ ನ್ಯಾಯಾಧೀಶನೂ ಆದ ಡ್ಯಾನ್‌ಫೋರ್ತ್‌ನನ್ನು ಮೀಸೆ ತಿರುವುವ ಖಳನಾಯಕನಂತೆ ಆಡಿದರೆ ನಾಟಕ ಅಲ್ಲಿಗೇ ಬೀಳುತ್ತದೆ. ಅವನು ಸಭ್ಯ, ತಾಳ್ಮೆಯವನು, ಎಲ್ಲರ ಮಾತನ್ನೂ ಕೇಳುತ್ತಾನೆ. ರೆಬೆಕಾ, ಎಲಿಜಬೆತ್, ಜೈಲ್ಸ್‌ನ ಹೆಂಡತಿ ಮಾರ್ಥಾ ಕೋರಿ ಒಳ್ಳೆಯವರೆಂದು 91 ಮಂದಿ ಸಹಿ ಹಾಕಿದ ಪತ್ರ ಬಂದಾಗ, ಸಹಿ ಹಾಕಿದ ಎಲ್ಲರನ್ನೂ ವಿಚಾರಣೆಗೆ ಕರೆಸುತ್ತಾನೆ. ಅವನಿಗೆ ಇದು ಕ್ರೌರ್ಯವಲ್ಲ, ಕಾರ್ಯವಿಧಾನ. ನ್ಯಾಯಾಲಯದ ಪರ ಇಲ್ಲದವನು ಅದರ ವಿರೋಧಿಯೇ, ನಡುವಿನ ದಾರಿಯಿಲ್ಲ.

ಕಡೆಗೆ ಅವನನ್ನು ಕಟ್ಟಿಹಾಕುವುದು ನಂಬಿಕೆಯೂ ಅಲ್ಲ, ಈಗಾಗಲೇ ಮಾಡಿದ ಕೆಲಸ. ಹನ್ನೆರಡು ಜನರನ್ನು ನೇಣಿಗೆ ಹಾಕಿಯಾಗಿದೆ. ಈಗ ಏಳು ಜನರನ್ನು ಬಿಟ್ಟರೆ ಸತ್ತವರ ಕಥೆಯೇನು? ಮುಂದೂಡಿದರೆ ತಪ್ಪೊಪ್ಪಿಕೊಂಡಂತೆ. ಹುಲಿಯ ಮೇಲೆ ಕೂತವನಿಗೆ ಇಳಿಯುವುದೇ ಸಮಸ್ಯೆ.

## ಎಲಿಜಬೆತ್‌ಳ ಒಂದೇ ಸುಳ್ಳು

ಮೂರನೇ ಅಂಕದಲ್ಲಿ ಬೇರೆ ದಾರಿ ಕಾಣದೆ ಪ್ರಾಕ್ಟರ್ ಅಬಿಗೈಲ್ ಜೊತೆಗಿನ ಸಂಬಂಧವನ್ನು ತುಂಬಿದ ಸಭೆಯಲ್ಲಿ ಒಪ್ಪಿಕೊಳ್ಳುತ್ತಾನೆ. ತನ್ನ ಹೆಂಡತಿ ಎಂದೂ ಸುಳ್ಳು ಹೇಳಿದವಳಲ್ಲ, ಕೇಳಿ ನೋಡಿ ಎನ್ನುತ್ತಾನೆ. ಡ್ಯಾನ್‌ಫೋರ್ತ್ ಅವನನ್ನೂ ಅಬಿಗೈಲ್‌ಳನ್ನೂ ಬೆನ್ನು ತಿರುಗಿಸಿ ನಿಲ್ಲಿಸಿ ಎಲಿಜಬೆತ್‌ಳನ್ನು ಕರೆಸುತ್ತಾನೆ. ಗಂಡ ಆಗಲೇ ಒಪ್ಪಿಕೊಂಡಿದ್ದಾನೆಂದು ಅವಳಿಗೆ ಗೊತ್ತಿಲ್ಲ. ಗಂಡನ ಮಾನ ಉಳಿಸಲು ‘ಇಲ್ಲ’ ಎನ್ನುತ್ತಾಳೆ. ಜೀವನದಲ್ಲಿ ಹೇಳಿದ ಒಂದೇ ಸುಳ್ಳು ಅವನ ಕುತ್ತಿಗೆಗೆ ಹಗ್ಗವಾಗುತ್ತದೆ.

ಈ ದೃಶ್ಯದ ಕೆಲಸಗಾರಿಕೆ ನೋಡಬೇಕು. ಇಲ್ಲಿಯ ತನಕ ಸುಳ್ಳು ಹೇಳಿದವರೆಲ್ಲ ಉಳಿದಿದ್ದಾರೆ. ಪ್ರೀತಿಯಿಂದ ಹೇಳಿದ ಸುಳ್ಳು ಕೊಲ್ಲುತ್ತದೆ. ಎರಡನೇ ಅಂಕದಲ್ಲಿ ಗಂಡನಿಂದ ನಿಜ ಬೇಕೆಂದು ಹಟ ಹಿಡಿದಿದ್ದವಳು ಅವಳೇ ಎಂಬುದು ನೆನಪಿರಲಿ.

## ರೆಬೆಕಾ, ಜೈಲ್ಸ್ ಮತ್ತು ಒಂದು ಸಹಿ

ಜೈಲ್ಸ್ ಕೋರಿ ಮಾತಿಗೆ ಮುಂಚೆ ಕೋರ್ಟು ಹತ್ತುವ ಮುದುಕ. ಮೂವತ್ತಮೂರು ಸಲ ವ್ಯಾಜ್ಯ ಹೂಡಿದವನು. ಹೆಂಡತಿ ಮಾರ್ಥಾ ಕದ್ದು ಪುಸ್ತಕ ಓದುತ್ತಾಳೆ, ಆಗ ನನಗೆ ಪ್ರಾರ್ಥನೆ ಬರುವುದಿಲ್ಲ ಎಂದು ಮೊದಲ ಅಂಕದಲ್ಲಿ ಸುಮ್ಮನೆ ಬಾಯಿ ಹರಿಬಿಡುತ್ತಾನೆ. ಮುಂದೆ ಹಂದಿ ಸತ್ತದ್ದಕ್ಕೆ ಅವಳ ಪುಸ್ತಕವೇ ಕಾರಣವೆಂದು ಹಳೇ ಗಿರಾಕಿಯೊಬ್ಬ ದೂರು ಕೊಟ್ಟಾಗ, ತನ್ನ ಮಾತಿನ ಬೆಲೆ ಅವನಿಗೆ ತಿಳಿಯುತ್ತದೆ. ತನ್ನ ಸರದಿ ಬಂದಾಗ ಕಾನೂನಿನ ಅನುಭವವೇ ಕೈಹಿಡಿಯುತ್ತದೆ: ಆರೋಪಕ್ಕೆ ಹೌದೂ ಅನ್ನುವುದಿಲ್ಲ, ಅಲ್ಲವೂ ಅನ್ನುವುದಿಲ್ಲ. ಉತ್ತರವಿಲ್ಲದೆ ವಿಚಾರಣೆಯಿಲ್ಲ, ವಿಚಾರಣೆಯಿಲ್ಲದೆ ಮುಟ್ಟುಗೋಲಿಲ್ಲ, ಜಮೀನು ಮಕ್ಕಳಿಗೇ. ಬಾಯಿ ಬಿಡಿಸಲು ಎದೆಯ ಮೇಲೆ ಕಲ್ಲು ಹೇರುತ್ತಾರೆ. ಇನ್ನೂ ಭಾರ ಹಾಕಿ ಎಂದಷ್ಟೇ ಹೇಳಿ ಸಾಯುತ್ತಾನೆ.

ರೆಬೆಕಾಗೆ ಬಚ್ಚಿಡುವ ಪಾಪವಿಲ್ಲ, ಆದ್ದರಿಂದ ದ್ವಂದ್ವವೂ ಇಲ್ಲ. ಪ್ರಾಕ್ಟರ್‌ನ ಕಷ್ಟ ಬೇರೆ. ಅವಳ ಪಕ್ಕ ನಿಂತು ಸಂತನಂತೆ ಸಾಯಲು ತಾನು ಯೋಗ್ಯನಲ್ಲ, ಅದೂ ಒಂದು ಕಪಟ ಎಂದು ಯೋಚಿಸಿ ಸುಳ್ಳು ಒಪ್ಪಿಗೆಗೆ ತಯಾರಾಗುತ್ತಾನೆ. ಬಾಯಲ್ಲಿ ಒಪ್ಪಿಕೊಳ್ಳುತ್ತಾನೆ. ಬೇರೆಯವರ ಹೆಸರು ಹೇಳಲು ಒಲ್ಲೆ ಎನ್ನುತ್ತಾನೆ. ಸಹಿಯನ್ನೂ ಹಾಕುತ್ತಾನೆ. ಆ ಕಾಗದವನ್ನು ಚರ್ಚಿನ ಬಾಗಿಲಿಗೆ ಜಡಿಯುತ್ತಾರೆಂದಾಗ ಕೊಡಲು ಒಪ್ಪದೆ ಹರಿದು ಹಾಕುತ್ತಾನೆ. ಆಡಿದ ಮಾತು ಗಾಳಿಗೆ ಹೋಗುತ್ತದೆ. ಸಹಿ ಬಿದ್ದ ಕಾಗದ ಉಳಿದವರನ್ನು ನೇಣಿಗೇರಿಸಲು ಬಳಕೆಯಾಗುತ್ತದೆ, ಮೂವರು ಗಂಡುಮಕ್ಕಳು ಹೊರಬೇಕಾದ ಹೆಸರೂ ಅದರಲ್ಲಿದೆ.

ನಾಟಕ ಬರೆದ ಕಾಲ ಇಲ್ಲಿ ಇಣುಕುತ್ತದೆ. 1950ರ ದಶಕದ ಆರಂಭದ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆಯುತ್ತಿತ್ತು. ಸಂಸತ್ತಿನ ಸಮಿತಿಯ ಮುಂದೆ ಕರೆಸಿಕೊಂಡವರು ತಮ್ಮ ಹಳೆಯ ಒಡನಾಟ ಒಪ್ಪಿ ಗೆಳೆಯರ ಹೆಸರು ಹೇಳಿದರೆ ಕೆಲಸ ಉಳಿಯುತ್ತಿತ್ತು. ನಾಟಕ ಬಂದು ಮೂರು ವರ್ಷ ಕಳೆದು, 1956ರಲ್ಲಿ ಮಿಲ್ಲರ್‌ನನ್ನೇ ಆ ಸಮಿತಿ ಕರೆಸಿತು. ಬೇರೆಯವರ ಹೆಸರು ಹೇಳಲು ಅವನೂ ಒಪ್ಪಲಿಲ್ಲ. ಮರುವರ್ಷ ಶಿಕ್ಷೆಯಾಯಿತು, 1958ರಲ್ಲಿ ಮೇಲ್ಮನವಿಯಲ್ಲಿ ಅದು ರದ್ದಾಯಿತು.

## ಇತಿಹಾಸದಲ್ಲಿ ಹೇಗಿತ್ತು

ನಾಟಕವನ್ನು ಚರಿತ್ರೆಯ ಪಾಠವೆಂದು ಓದಿದರೆ ಎಡವುತ್ತೇವೆ. ನಿಜವಾದ ಅಬಿಗೈಲ್‌ಗೆ ಹನ್ನೊಂದೋ ಹನ್ನೆರಡೋ ವರ್ಷ, ಪ್ರಾಕ್ಟರ್‌ಗೆ ಅರವತ್ತರ ಆಸುಪಾಸು. ಅವರ ನಡುವೆ ಸಂಬಂಧವಿತ್ತೆಂಬುದಕ್ಕೆ ದಾಖಲೆಯಿಲ್ಲ. ವಯಸ್ಸು ಏರಿಸಿದ್ದನ್ನು ನಾಟಕಕಾರನೇ ಪುಸ್ತಕದ ಮೊದಲಲ್ಲಿ ಹೇಳಿಕೊಂಡಿದ್ದಾನೆ. ಹಲವು ನ್ಯಾಯಾಧೀಶರನ್ನು ಇಬ್ಬರಿಗೆ ಇಳಿಸಿದ್ದಾನೆ. ಮುಖ್ಯ ನ್ಯಾಯಾಧೀಶ ಆಗಿದ್ದವನು ವಿಲಿಯಂ ಸ್ಟೌಟನ್. ಸೇಲಂನಲ್ಲಿ ಮಾಟಗಾತಿಯರನ್ನು ಸುಟ್ಟರೆಂಬುದು ಇನ್ನೊಂದು ತಪ್ಪು ಕಲ್ಪನೆ. 19 ಮಂದಿಯನ್ನು ನೇಣಿಗೆ ಹಾಕಲಾಯಿತು, ಅದರಲ್ಲಿ ಐವರು ಗಂಡಸರು. ಜೈಲ್ಸ್ ಕೋರಿ ಸೆಪ್ಟೆಂಬರ್ 19ರಂದು ಕಲ್ಲಿನಡಿ ಸತ್ತ. ಇನ್ನೂ ಕೆಲವರು ಜೈಲಿನಲ್ಲೇ ತೀರಿಕೊಂಡರು. ಅಕ್ಟೋಬರ್‌ನಲ್ಲಿ ರಾಜ್ಯಪಾಲ ವಿಲಿಯಂ ಫಿಪ್ಸ್ ಆ ವಿಶೇಷ ನ್ಯಾಯಾಲಯವನ್ನು ಮುಚ್ಚಿದ. ಆಮೇಲಿನ ವಿಚಾರಣೆಗಳಲ್ಲಿ ನೆರಳಿನ ಸಾಕ್ಷ್ಯ ನಡೆಯದಾದಾಗ ಹೆಚ್ಚಿನವರು ಬಿಡುಗಡೆಯಾದರು.

ನಿಜವಾದ ಪ್ರಾಕ್ಟರ್ 1692ರ ಜುಲೈ 23ರಂದು ಜೈಲಿನಿಂದ ಬಾಸ್ಟನ್ನಿನ ಪಾದ್ರಿಗಳಿಗೆ ಪತ್ರ ಬರೆದು, ಹುಡುಗರ ಕುತ್ತಿಗೆಗೂ ಕಾಲಿಗೂ ಸೇರಿಸಿ ಕಟ್ಟಿ ತಪ್ಪೊಪ್ಪಿಗೆ ಹೊರಡಿಸುತ್ತಿದ್ದಾರೆಂದು ದೂರಿದ, ವಿಚಾರಣೆಯನ್ನು ಬಾಸ್ಟನ್‌ಗೆ ವರ್ಗಾಯಿಸಲು ಕೇಳಿದ. ಆಗಸ್ಟ್ 19ರಂದು ಅವನನ್ನು ನೇಣಿಗೆ ಹಾಕಿದರು. ಎಲಿಜಬೆತ್ ಬಸುರಿಯಾದ್ದರಿಂದ ಅವಳ ಶಿಕ್ಷೆ ಮುಂದಕ್ಕೆ ಹೋಯಿತು. 1693ರ ಜನವರಿಯಲ್ಲಿ ಸೆರೆಯಲ್ಲೇ ಹೆರಿಗೆಯಾಗಿ, ಆ ವರ್ಷ ಬಿಡುಗಡೆಯಾದಳು. ಹೊರಗೆ ಬಂದರೆ ಗಂಡನ ಉಯಿಲಿನಲ್ಲಿ ಅವಳಿಗೆ ಏನೂ ಇರಲಿಲ್ಲ. ಮರಣದಂಡನೆಯ ತೀರ್ಪು ಇನ್ನೂ ಹಾಗೇ ಇದ್ದುದರಿಂದ ಕಾನೂನಿನ ಕಣ್ಣಿಗೆ ಅವಳು ಸತ್ತವಳು, ಪಾಲು ಕೇಳಲೂ ಬರುವಂತಿರಲಿಲ್ಲ. ಅದನ್ನು ಸರಿಪಡಿಸಿ ಎಂದು ಅವಳು 1696ರಲ್ಲಿ ಅರ್ಜಿ ಹಾಕಿಕೊಂಡಳು. ಪ್ರಾಕ್ಟರ್ ಕುಟುಂಬಕ್ಕೆ 150 ಪೌಂಡ್ ಪರಿಹಾರ ಮಂಜೂರಾದದ್ದು 1711ರಲ್ಲಿ.